ಹೆಸರು ಸರಿಯಿದ್ದರೆ ಲೆಕ್ಕ ಸರಿ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.  

ಉರ್ದು ಮತ್ತು ಕನ್ನಡ ಕಲಿಸುವ ನಾನು ಇಂದು ಕಂಪ್ಯೂಟರ್ ವಿಷಯ ಮಾತನಾಡುತ್ತೇನೆಂದು ತಿಳಿದಾಗ ಹಿರಿಯರೊಬ್ಬರು, "ಆಪಾ, ನಿಮಗೇಕೆ ಈ ಉಸಾಬರಿ?" ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾದುದೇ. ನಾನು ಸಾಫ್ಟ್‌ವೇರ್ ಓದಿದವಳಲ್ಲ, ಬಿ.ಎಡ್. ಮುಗಿಸಿ ಪಾಠ ಮಾಡಿಕೊಂಡಿರುವವಳು. ಆದರೆ ನಾನು ಹೇಳಬೇಕಾದ ವಿಷಯ ಯಂತ್ರದ್ದಲ್ಲ, ಹೆಸರಿನದು. ಒಂದು ವಸ್ತುವಿಗೆ ಯಾವ ಹೆಸರಿಡಬೇಕು, ಇಟ್ಟ ಹೆಸರು ಗೊಂದಲ ಉಂಟುಮಾಡಿದರೆ ಅದನ್ನು ಹೇಗೆ ಬದಲಿಸಬೇಕು ಎಂಬುದು ಭಾಷೆ ಕಲಿಸುವವರ ವಿಷಯವೂ ಹೌದು. ಅಲ್ಲದೆ ಇದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಆ ತಪ್ಪನ್ನು ಮೊದಲು ತಮ್ಮ ಮುಂದೆ ಒಪ್ಪಿಕೊಂಡು ಮುಂದುವರಿಯುತ್ತೇನೆ.

ಒಂದು ಪದ ತಂದ ಸಂಕಟ

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನಗೆ ವಹಿಸಲಾಗಿತ್ತು. ನಾನೇ ಒಂದು ಪಟ್ಟಿ ತಯಾರಿಸಿದೆ. ಅದರಲ್ಲಿ ಹೆಸರು, ತಂದೆ, ಊರು, ಅಂಕ, ಆದಾಯ, ದಿನಾಂಕ ಎಂಬ ಕಾಲಂಗಳಿದ್ದವು. ಅದೇ ಮಾತುಗಳನ್ನು ಅರ್ಜಿ ನಮೂನೆಯಲ್ಲೂ ಹಾಕಿದೆ. ನೋಡಲು ಬಹಳ ಚೊಕ್ಕಟವಾಗಿತ್ತು. ಅರ್ಜಿಗಳು ಬಂದವು. ಕಡಿಮೆ ಆದಾಯದವರು ಮೇಲೆ ಬರುವಂತೆ ಕಂಪ್ಯೂಟರಿಗೆ ಆಜ್ಞೆ ಕೊಟ್ಟೆ. ಕ್ಷಣಾರ್ಧದಲ್ಲಿ ಪಟ್ಟಿ ಸಿದ್ಧವಾಯಿತು. ಸಮಿತಿ ಒಪ್ಪಿತು, ಹಣ ವಿತರಣೆಯೂ ಆಯಿತು.

ಒಂದು ವಾರದ ನಂತರ ಒಬ್ಬ ತಾಯಿ ಶಾಲೆಗೆ ಬಂದರು. ಅವರ ಮಗಳು ಮೊದಲ ಪಿಯುಸಿ ವಿಜ್ಞಾನ ಓದುತ್ತಿದ್ದಳು, ತಂದೆ ಸೈಕಲ್ ರಿಪೇರಿ ಮಾಡುವವರು. "ಆಪಾ, ನಮ್ಮ ಹುಡುಗಿಯ ಅಂಕ ಕಡಿಮೆಯಾಯಿತೇ? ಅವಳು ರಾತ್ರಿ ಊಟ ಮಾಡುತ್ತಿಲ್ಲ" ಎಂದರು. ನಾನು ಪಟ್ಟಿ ತೆಗೆದು ನೋಡಿದೆ. ಅಂಕ ಚೆನ್ನಾಗಿಯೇ ಇತ್ತು. ಆದಾಯದ ಎದುರಿಗೆ 72,000 ಎಂದಿತ್ತು. ಅವಳಿಗಿಂತ ಬಹಳ ಮೇಲೆ, ವೇತನ ಪಡೆದವರ ಸಾಲಿನಲ್ಲಿ, ಇನ್ನೊಂದು ಮನೆಯ ಆದಾಯ 15,000 ಎಂದಿತ್ತು. ಆ ಮನೆಯವರು ಪರಿಚಯದವರೇ, ಸುಳ್ಳು ಹೇಳುವವರಲ್ಲ. ಆಮೇಲೆ ಹೊಳೆಯಿತು. ಅವರು ಬರೆದದ್ದು ತಿಂಗಳ ಆದಾಯ, ಈ ತಾಯಿ ಬರೆಸಿದ್ದು ವರ್ಷದ ಆದಾಯ. ಲೆಕ್ಕ ಹಾಕಿದರೆ ಒಂದು ಮನೆಗೆ ವರ್ಷಕ್ಕೆ 1,80,000, ಇನ್ನೊಂದಕ್ಕೆ 72,000. ಹೆಚ್ಚು ಅಗತ್ಯವಿದ್ದವರು ಕೆಳಗೆ ಹೋಗಿದ್ದರು.

ಇಬ್ಬರೂ ಸತ್ಯವನ್ನೇ ಬರೆದಿದ್ದರು, ಕಂಪ್ಯೂಟರ್ ಲೆಕ್ಕದಲ್ಲಿಯೂ ತಪ್ಪಿರಲಿಲ್ಲ. ತಪ್ಪಿದ್ದದ್ದು ನಾನು ಬರೆದ ‘ಆದಾಯ’ ಎಂಬ ಒಂದೇ ಪದದಲ್ಲಿ. ಹಾಗೆ ಕೆಳಗೆ ಬಿದ್ದವರು ಮೂವರು ಮಕ್ಕಳು. ಸಮಿತಿಯವರು ದೊಡ್ಡ ಮನಸ್ಸು ಮಾಡಿ ಎರಡು ತಿಂಗಳ ನಂತರ ಬೇರೆ ಬಾಬಿನಿಂದ ಅವರಿಗೆ ಹಣ ಕೊಟ್ಟರು. ಆದರೆ ಅಷ್ಟರಲ್ಲಿ ಆ ತಾಯಿ ಕಿವಿಯ ಓಲೆ ಅಡವಿಟ್ಟು ಮಗಳ ಫೀಸು ಕಟ್ಟಿದ್ದರು. ಈ ಮಾತು ಹೇಳುವಾಗ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

‘ಕಲ್’ ಎಂದರೆ ನಿನ್ನೆಯೋ ನಾಳೆಯೋ?

ನಮ್ಮ ಉರ್ದುವಿನಲ್ಲಿ ‘ಕಲ್’ ಎಂಬ ಪದವಿದೆ. ನಿನ್ನೆಗೂ ಅದೇ, ನಾಳೆಗೂ ಅದೇ. ‘ಕಲ್ ಆಯಾ’ ಎಂದರೆ ನಿನ್ನೆ ಬಂದ, ‘ಕಲ್ ಆಯೇಗಾ’ ಎಂದರೆ ನಾಳೆ ಬರುತ್ತಾನೆ. ಮನೆಯಲ್ಲಿ ಯಾರಿಗೂ ಇದರಿಂದ ತೊಂದರೆಯಾಗುವುದಿಲ್ಲ, ಏಕೆಂದರೆ ಪಕ್ಕದಲ್ಲಿರುವ ಕ್ರಿಯಾಪದ ಅರ್ಥವನ್ನು ತಿಳಿಸುತ್ತದೆ. ಕನ್ನಡದಲ್ಲಿ ನಿನ್ನೆ ಬೇರೆ, ನಾಳೆ ಬೇರೆ. ಹಾಗೆಂದು ಉರ್ದು ಕಡಿಮೆಯಲ್ಲ, ಕನ್ನಡ ಹೆಚ್ಚಲ್ಲ. ಮಾತಿನಲ್ಲಿ ಸಂದರ್ಭ ಸಹಾಯಕ್ಕೆ ಬರುತ್ತದೆ.

ಆದರೆ ಒಂದು ಪಟ್ಟಿಯ ತಲೆಯ ಮೇಲೆ ‘ಕಲ್’ ಎಂದು ಮಾತ್ರ ಬರೆದು ಕೆಳಗೆ ಹಣದ ಮೊತ್ತ ಬರೆಯಿರಿ. ಅದು ನಿನ್ನೆ ಬಂದ ಹಣವೋ, ನಾಳೆ ಬರಬೇಕಾದ ಹಣವೋ? ಅಲ್ಲಿ ಕ್ರಿಯಾಪದವಿಲ್ಲ, ಮುಖದ ಭಾವವಿಲ್ಲ, ಕೇಳಲು ಎದುರಿಗೆ ಮನುಷ್ಯನೂ ಇಲ್ಲ. ಪಟ್ಟಿಯಲ್ಲಿ ಹೆಸರೊಂದೇ ಎಲ್ಲ ಭಾರವನ್ನೂ ಹೊರಬೇಕು. ಮಾತಿನಲ್ಲಿ ಸಾಕಾಗುವ ಹೆಸರು ಮಾಹಿತಿಯಲ್ಲಿ ಸಾಕಾಗುವುದಿಲ್ಲ. ಇಂದಿನ ನನ್ನ ಮಾತಿನ ಸಾರವೇ ಇದು.

ದೊಡ್ಡವರೂ ಎಡವಿದ ಕಥೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಬಂದಾಗ ಅವನಿಗೆ ನನ್ನ ಪಟ್ಟಿ ತೋರಿಸಿದೆ. ಅವನು ನಗಲಿಲ್ಲ. "ಆಪಾ, ಇದು ನಿಮ್ಮೊಬ್ಬರ ತಪ್ಪಲ್ಲ, ಇಡೀ ಜಗತ್ತು ಬಳಸುವ ನಿಯಮಗಳಲ್ಲೇ ಇಂಥ ಹೆಸರುಗಳಿದ್ದವು. ಅವನ್ನು ಬದಲಿಸಲು ಹತ್ತು ವರ್ಷ ಹಿಡಿಯಿತು" ಎಂದು ಹೇಳಿ ಜೇಸನ್ ಸ್ಕೀಮಾ ಎಂಬುದರ ಕಥೆ ಹೇಳಿದ. ಅದನ್ನು ನನಗೆ ಅರ್ಥವಾದ ರೀತಿಯಲ್ಲಿ ತಮಗೆ ಹೇಳುತ್ತೇನೆ.

ಕಂಪ್ಯೂಟರುಗಳು ಪರಸ್ಪರ ಮಾಹಿತಿ ಕಳುಹಿಸಲು ಬಳಸುವ ಒಂದು ಸರಳ ಬರವಣಿಗೆಯ ಕ್ರಮಕ್ಕೆ ಜೇಸನ್ ಎನ್ನುತ್ತಾರೆ. ಅಮೆರಿಕದ ಡಗ್ಲಸ್ ಕ್ರಾಕ್‌ಫರ್ಡ್ ಎಂಬವರು 2000ದ ದಶಕದ ಆರಂಭದಲ್ಲಿ ಅದನ್ನು ಪ್ರಚಾರಕ್ಕೆ ತಂದರು. ಅದರಲ್ಲಿ ಒಂದು ಹೆಸರು, ಅದರ ಮುಂದೆ ಒಂದು ಬೆಲೆ ಇರುತ್ತದೆ. ‘ಹೆಸರು: ಆಯಿಶಾ, ತರಗತಿ: 9’ ಎಂಬಂತೆ. ಮೊಬೈಲಿನ ಅನೇಕ ಆ್ಯಪ್‌ಗಳ ಹಿಂದೆ ಈ ಕ್ರಮವೇ ಕೆಲಸ ಮಾಡುತ್ತದೆ.

ಆದರೆ ಯಾರಾದರೂ ತರಗತಿಯ ಎದುರಿಗೆ 9ರ ಬದಲು ‘ಮಾವಿನಹಣ್ಣು’ ಎಂದು ಬರೆದರೆ? ಅದನ್ನು ತಡೆಯಲು ಒಂದು ನಿಯಮಾವಳಿ ಬೇಕು. ತರಗತಿ ಎಂಬಲ್ಲಿ ಅಂಕಿಯೇ ಇರಬೇಕು, ಹೆಸರು ಖಾಲಿ ಇರಬಾರದು ಎಂದೆಲ್ಲ ಹೇಳುವ ಆ ನಿಯಮಾವಳಿಯೇ ಸ್ಕೀಮಾ. ಮಾಹಿತಿಯೆಂಬುದು ಭರ್ತಿ ಮಾಡಿದ ಅರ್ಜಿಯಾದರೆ, ಸ್ಕೀಮಾ ಎಂಬುದು ಅರ್ಜಿ ಹೇಗಿರಬೇಕೆಂದು ಹೇಳುವ ಸುತ್ತೋಲೆ. ಜೇಸನ್ ಸ್ಕೀಮಾದ ಮೊದಲ ಕರಡನ್ನು 2009ರಲ್ಲಿ ಕ್ರಿಸ್ ಝೈಪ್ ಎಂಬವರು ಪ್ರಕಟಿಸಿದರು. ಅಂದಿನಿಂದ ಕರಡಿನ ಮೇಲೆ ಕರಡು ಬಂದಿದೆ. ಆ ಸುತ್ತೋಲೆ ಬರೆಯಲು ಬಳಸುವ ನಿಗದಿತ ಪದಗಳನ್ನು ಕೀವರ್ಡ್‌ಗಳೆನ್ನುತ್ತಾರೆ, ಕನ್ನಡದಲ್ಲಿ ಕೀಲಿಪದಗಳೆನ್ನಬಹುದು. ಕೆಲವು ಕೀಲಿಪದಗಳೇ ಗೊಂದಲದ ಮೂಲವಾದವು.

ಮೊದಲನೆಯದು ‘ಐಡಿ’. ಪ್ರತಿ ಸ್ಕೀಮಾಕ್ಕೂ ತನ್ನದೇ ಆದ ವಿಳಾಸವಿರುತ್ತದೆ. ಆ ವಿಳಾಸವನ್ನು ಬರೆಯಲು ‘ಐಡಿ’ ಎಂಬ ಕೀಲಿಪದವಿತ್ತು. ಆದರೆ ಲೋಕದ ಮಾಹಿತಿಯಲ್ಲೆಲ್ಲ ಐಡಿ ತುಂಬಿದೆಯಲ್ಲ! ವಿದ್ಯಾರ್ಥಿಗೆ ಐಡಿ, ಬ್ಯಾಂಕ್ ಗ್ರಾಹಕನಿಗೆ ಐಡಿ, ಅಂಗಡಿಯ ಸಾಮಾನಿಗೆ ಐಡಿ. ಹೀಗಾಗಿ ಒಂದೇ ಕಡತದಲ್ಲಿ ಒಂದು ‘ಐಡಿ’ ವಿದ್ಯಾರ್ಥಿಯ ಸಂಖ್ಯೆಯಾದರೆ, ಇನ್ನೊಂದು ‘ಐಡಿ’ ನಿಯಮಾವಳಿಯ ವಿಳಾಸ. ನಮ್ಮ ಶಾಲೆಯ ನಮೂನೆಯಲ್ಲಿ ಮೇಲ್ಗಡೆ ‘ಹೆಸರು’ ಎಂದರೆ ಶಾಲೆಯ ಹೆಸರು, ಕೆಳಗಡೆ ‘ಹೆಸರು’ ಎಂದರೆ ಮಗುವಿನ ಹೆಸರು ಎಂದಾದರೆ ಹೇಗೋ ಹಾಗೆ. 2017ರಲ್ಲಿ ಬಂದ ಆರನೇ ಕರಡಿನಲ್ಲಿ ಈ ಕೀಲಿಪದಕ್ಕೆ ಮುಂದೆ ಡಾಲರ್ ಚಿಹ್ನೆ ಸೇರಿಸಿ ‘$ಐಡಿ’ ಎಂದು ಮಾಡಿದರು. ಆ ಚಿಹ್ನೆಗೆ ಹಣದ ಅರ್ಥವಿಲ್ಲ. ಇದು ಮಾಹಿತಿಯ ಮಾತಲ್ಲ, ನಿಯಮಾವಳಿಯ ತನ್ನ ಮಾತು ಎಂದು ಗುರುತಿಸಲು ಹಾಕಿದ ಟೊಪ್ಪಿಗೆ ಅಷ್ಟೆ.

ಎರಡನೆಯದು ‘ಐಟಮ್ಸ್’. ಇದು ಪಟ್ಟಿಯೊಳಗಿನ ವಸ್ತುಗಳ ಬಗ್ಗೆ ನಿಯಮ ಹೇಳುವ ಪದ. ಪಟ್ಟಿಗಳಲ್ಲಿ ಎರಡು ಬಗೆ. ಹತ್ತು ಪೋಷಕರ ದೂರವಾಣಿ ಸಂಖ್ಯೆಗಳ ಪಟ್ಟಿಯಲ್ಲಿ ಎಲ್ಲದಕ್ಕೂ ಒಂದೇ ನಿಯಮ ಸಾಕು. ಆದರೆ ಫಲಿತಾಂಶದ ಒಂದು ಸಾಲಿನಲ್ಲಿ ಮೊದಲ ಸ್ಥಾನದಲ್ಲಿ ಹೆಸರು, ಎರಡನೆಯದರಲ್ಲಿ ನೋಂದಣಿ ಸಂಖ್ಯೆ, ಮೂರನೆಯದರಲ್ಲಿ ಅಂಕ. ಒಂದೊಂದು ಸ್ಥಾನಕ್ಕೂ ಬೇರೆ ಬೇರೆ ನಿಯಮ. ಈ ಎರಡೂ ಕೆಲಸಕ್ಕೆ ‘ಐಟಮ್ಸ್’ ಎಂಬ ಒಂದೇ ಪದವಿತ್ತು. ಅದರ ಮುಂದೆ ಒಂದು ನಿಯಮ ಬರೆದರೆ ಒಂದರ್ಥ, ನಿಯಮಗಳ ಸಾಲು ಬರೆದರೆ ಇನ್ನೊಂದರ್ಥ. ಉಳಿದ ವಸ್ತುಗಳಿಗೆಂದು ‘ಅಡಿಷನಲ್ ಐಟಮ್ಸ್’ ಎಂಬ ಮತ್ತೊಂದು ಪದವಿತ್ತು. ಅದು ಎರಡನೆಯ ಅರ್ಥದಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು, ಮೊದಲನೆಯ ಅರ್ಥದಲ್ಲಿ ಬರೆದರೂ ಬರೆಯದಂತೆಯೇ. 2020ರ ಡಿಸೆಂಬರ್ ಆವೃತ್ತಿಯಲ್ಲಿ ಇದನ್ನು ಬಿಡಿಸಿದರು. ಸ್ಥಾನಕ್ಕೊಂದು ನಿಯಮ ಹೇಳಲು ‘ಪ್ರಿಫಿಕ್ಸ್ ಐಟಮ್ಸ್’ ಎಂಬ ಹೊಸ ಪದ ಬಂತು. ಅವುಗಳ ನಂತರದ ಎಲ್ಲ ವಸ್ತುಗಳಿಗೆ ‘ಐಟಮ್ಸ್’ ಉಳಿಯಿತು. ‘ಅಡಿಷನಲ್ ಐಟಮ್ಸ್’ ನಿವೃತ್ತಿಯಾಯಿತು.

ಮೂರನೆಯದು ‘ಡಿಪೆಂಡೆನ್ಸೀಸ್’, ಅಂದರೆ ಅವಲಂಬನೆಗಳು. ಅರ್ಜಿಯಲ್ಲಿ ಬ್ಯಾಂಕ್ ಖಾತೆ ಸಂಖ್ಯೆ ಬರೆದಿದ್ದರೆ ಐಎಫ್‌ಎಸ್‌ಸಿ ಸಂಕೇತವನ್ನೂ ಬರೆಯಲೇಬೇಕು ಎಂಬುದು ಒಂದು ಬಗೆಯ ಅವಲಂಬನೆ. ಹಾಸ್ಟೆಲ್ ಎಂದು ಬರೆದಿದ್ದರೆ ಇಡೀ ಅರ್ಜಿಗೆ ಇನ್ನೊಂದು ನಿಯಮಾವಳಿ ಅನ್ವಯಿಸುತ್ತದೆ ಎಂಬುದು ಇನ್ನೊಂದು ಬಗೆ. ಎರಡಕ್ಕೂ ಒಂದೇ ಪದವಿತ್ತು. 2019ರ ಸೆಪ್ಟೆಂಬರ್ ಆವೃತ್ತಿಯಲ್ಲಿ ಅದನ್ನು ‘ಡಿಪೆಂಡೆಂಟ್ ರಿಕ್ವೈರ್ಡ್’ ಮತ್ತು ‘ಡಿಪೆಂಡೆಂಟ್ ಸ್ಕೀಮಾಸ್’ ಎಂದು ಎರಡು ಮಾಡಿದರು. ಅದೇ ಆವೃತ್ತಿಯಲ್ಲಿ ‘ಡೆಫಿನಿಷನ್ಸ್’ ಎಂಬುದೂ ಟೊಪ್ಪಿಗೆ ಧರಿಸಿ ‘$ಡೆಫ್ಸ್’ ಆಯಿತು.

ವಿದ್ಯಾರ್ಥಿಗಳೇ, ಈ ಪದಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಗೊಂದಲದ ಎರಡು ಮೂಲಗಳನ್ನು ಮಾತ್ರ ಗಮನಿಸಿರಿ. ‘ಐಡಿ’ಯಲ್ಲಿ ಇಬ್ಬರಿಗೆ ಒಂದೇ ಹೆಸರಾಗಿತ್ತು. ‘ಐಟಮ್ಸ್’ ಮತ್ತು ‘ಡಿಪೆಂಡೆನ್ಸೀಸ್’ಗಳಲ್ಲಿ ಒಬ್ಬನಿಗೆ ಎರಡು ಉದ್ಯೋಗವಾಗಿತ್ತು. ಮೊದಲನೆಯದಕ್ಕೆ ಗುರುತು ಹಚ್ಚಿದರು, ಎರಡನೆಯದಕ್ಕೆ ಪಾಲು ಮಾಡಿದರು.

ಬದಲಿಸಲಾಗದ ಹೆಸರು

ತಪ್ಪು ಹೆಸರನ್ನು ಯಾವಾಗಲೂ ಬದಲಿಸಬಹುದೆಂದು ತಿಳಿಯಬೇಡಿ. ಇದಕ್ಕೆ ನಮ್ಮ ಕನ್ನಡದ್ದೇ ಒಂದು ಉದಾಹರಣೆಯಿದೆ.

ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ಇಂದಿನ ‘ಏಳು’ ಅಂದು ‘ಏೞು’, ಇಂದಿನ ‘ಬಾಳೆ’ ಅಂದು ‘ಬಾೞೆ’. ಪ್ರಪಂಚದ ಲಿಪಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಬರೆಯಲು ಅನುವಾಗುವಂತೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಇಂಗ್ಲಿಷ್ ಹೆಸರು ಕೊಟ್ಟಿರುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಈ ಅಕ್ಷರಕ್ಕೆ ಕೊಟ್ಟ ಹೆಸರು ‘ಕನ್ನಡ ಲೆಟರ್ ಫ’! ‘ೞ’ಗೂ ‘ಫ’ಗೂ ಏನು ಸಂಬಂಧ? ಏನೂ ಇಲ್ಲ, ಹೆಸರಿಡುವಾಗ ಆದ ತಪ್ಪು. ಫಾತಿಮಾ, ಫಯಾಜ್ ಎಂಬ ಹೆಸರಿನ ನಮ್ಮ ಮಕ್ಕಳು ತಮ್ಮ ‘ಫ’ವನ್ನು ಆ ಹೆಸರಿನಿಂದ ಹುಡುಕಿದರೆ ಪಂಪನ ಕಾಲದ ‘ೞ’ ಎದುರಾಗುತ್ತದೆ.

ತಪ್ಪೆಂದು ಗೊತ್ತಾದ ಮೇಲೂ ಆ ಹೆಸರನ್ನು ತೆಗೆಯಲಿಲ್ಲ. 1996ರಲ್ಲಿ ಬಂದ ಎರಡನೇ ಆವೃತ್ತಿಯಿಂದ ಈಚೆಗೆ, ಒಮ್ಮೆ ಕೊಟ್ಟ ಅಕ್ಷರದ ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂಬುದು ಯೂನಿಕೋಡಿನ ನಿಯಮ. ಆ ಹೆಸರನ್ನು ನಂಬಿ ಎಲ್ಲೆಲ್ಲೋ ಯಾರು ಯಾರೋ ತಂತ್ರಾಂಶ ಬರೆದಿರುತ್ತಾರೆ, ಹೆಸರು ಬದಲಾದರೆ ಅವು ಮುರಿಯುತ್ತವೆ. ಆದ್ದರಿಂದ ಹಳೆಯ ಹೆಸರನ್ನು ಹಾಗೆಯೇ ಇರಿಸಿ, ಪಕ್ಕದಲ್ಲಿ ತಿದ್ದುಪಡಿಯ ಅಧಿಕೃತ ಉಪನಾಮವೊಂದನ್ನು ಸೇರಿಸಿದ್ದಾರೆ. ಇನ್ನೊಂದು ಚಿಹ್ನೆಯ ಹೆಸರಿನಲ್ಲಿ ‘ಬ್ರ್ಯಾಕೆಟ್’ ಎಂಬ ಪದದ ಸ್ಪೆಲ್ಲಿಂಗಿನಲ್ಲಿ ಎರಡು ಅಕ್ಷರಗಳು ಅದಲುಬದಲಾಗಿವೆ, ಅದೂ ಹಾಗೆಯೇ ಉಳಿದಿದೆ. ನಮ್ಮ ಉರ್ದುವಿನ ‘ಗೋಲ್ ಹೇ’ ಅಕ್ಷರದ ಹೆಸರಿನಲ್ಲಿ ದುಂಡಗೆ ಎಂಬರ್ಥದ ‘ಗೋಲ್’ ಅನ್ನು ಫುಟ್‌ಬಾಲಿನ ಗೋಲಿನ ಸ್ಪೆಲ್ಲಿಂಗಿನಲ್ಲಿ ಬರೆದಿದ್ದಾರೆ. ಅದನ್ನು ನೋಡಿ ನಾನು ನಗುತ್ತೇನೆ, ಆದರೆ ಏನೂ ಮಾಡುವಂತಿಲ್ಲ.

ಇದರಿಂದ ಕಲಿಯಬೇಕಾದದ್ದು ಎರಡು. ಹೆಸರಿಡುವಾಗಲೇ ಎಚ್ಚರ ವಹಿಸಿದರೆ ಖರ್ಚು ಕಡಿಮೆ, ಬಳಕೆ ಹರಡಿದಷ್ಟೂ ತಿದ್ದುವ ಬೆಲೆ ಏರುತ್ತದೆ. ಹಾಗೂ ಕನ್ನಡ, ಉರ್ದು ಬಲ್ಲವರು ಇಂಥ ಕೆಲಸದಲ್ಲಿ ಮೊದಲಿನಿಂದಲೇ ಪಾಲ್ಗೊಂಡರೆ ನಮ್ಮ ಅಕ್ಷರಗಳಿಗೆ ನಮ್ಮ ಹೆಸರೇ ಸಿಗುತ್ತದೆ.

ಬದಲಿಸುವ ರೀತಿ

ಇನ್ನು ನನ್ನ ಎರಡನೆಯ ತಪ್ಪಿನ ವಿಷಯ. ಆ ತಾಯಿ ಬಂದು ಹೋದ ಮೇಲೆ ನಾನು ಅವಸರದಿಂದ ಪಟ್ಟಿ ತೆರೆದು ‘ಆದಾಯ’ ಎಂಬುದನ್ನು ಅಳಿಸಿ ‘ವಾರ್ಷಿಕ ಆದಾಯ’ ಎಂದು ಬರೆದುಬಿಟ್ಟೆ. ಸಮಸ್ಯೆ ಮುಗಿಯಿತೆಂದುಕೊಂಡೆ. ನನ್ನ ವಿದ್ಯಾರ್ಥಿ ಅದನ್ನು ನೋಡಿ, "ಆಪಾ, ಈಗ ಪಟ್ಟಿ ಮೊದಲಿಗಿಂತ ಕೆಟ್ಟಿತು" ಎಂದ. ಏಕೆ? ಮೊದಲು 15,000 ಎಂಬುದು ತಿಂಗಳದ್ದೋ ವರ್ಷದ್ದೋ ಎಂಬ ಅನುಮಾನವಾದರೂ ಇತ್ತು. ಈಗ ಅದು ವರ್ಷದ್ದೇ ಎಂದು ನಾನು ಸಾಕ್ಷಿ ಹೇಳಿದಂತಾಯಿತು! ಹೆಸರು ಬದಲಾದರೆ ಅದರ ಕೆಳಗಿನ ಅಂಕಿಗಳು ತಾವಾಗಿ ಬದಲಾಗುವುದಿಲ್ಲ. ಅಲ್ಲಿಯವರೆಗೆ ಗೊಂದಲವಾಗಿದ್ದದ್ದು ಅಂದಿನಿಂದ ಸುಳ್ಳಾಯಿತು.

ನಂತರ ನಾವು ಮಾಡಿದ್ದು ಹೀಗೆ. ಹಳೆಯ ಕಾಲಂ ಅಳಿಸಲಿಲ್ಲ. ಅದಕ್ಕೆ ‘ಆದಾಯ, ಹಳೆಯದು, ಪರಿಶೀಲಿಸಿಲ್ಲ’ ಎಂದು ಹೆಸರಿಟ್ಟೆವು. ಪಕ್ಕದಲ್ಲಿ ‘ಕುಟುಂಬದ ವಾರ್ಷಿಕ ಆದಾಯ, ರೂಪಾಯಿಗಳಲ್ಲಿ’ ಎಂಬ ಹೊಸ ಕಾಲಂ ತೆರೆದೆವು. ಒಂದೊಂದು ಮನೆಗೂ ಫೋನ್ ಮಾಡಿ ಕೇಳಿ ಅದನ್ನು ತುಂಬಿದೆವು. ನಾಲ್ಕು ಸಂಜೆಗಳ ಕೆಲಸವಾಯಿತು.

‘ತಂದೆ’ ಎಂಬ ಕಾಲಮ್ಮಿಗೂ ಒಬ್ಬನಿಗೆ ಎರಡು ಉದ್ಯೋಗವಾಗಿತ್ತು. ತಂದೆ ತೀರಿಕೊಂಡ ಮಕ್ಕಳಲ್ಲಿ ಕೆಲವರು ಮರಹೂಮ್ ತಂದೆಯ ಹೆಸರು ಬರೆದಿದ್ದರು. ಕೆಲವರು ಸಾಕುತ್ತಿರುವ ಚಾಚಾ ಅಥವಾ ಮಾಮೂ ಹೆಸರು ಬರೆದಿದ್ದರು. ಒಂದು ಮಗು ಏನೂ ಬರೆಯದೆ ಬಿಟ್ಟಿತ್ತು. ಅಪೂರ್ಣ ಅರ್ಜಿಯೆಂದು ಅದನ್ನು ನಾವು ಬದಿಗಿಟ್ಟಿದ್ದೆವು. ಯತೀಮ್ ಮಕ್ಕಳಿಗೆ ಮೊದಲು ಸಿಗಬೇಕಾದದ್ದು ಕಾಲಮ್ಮಿನ ಹೆಸರಿನ ದೆಸೆಯಿಂದ ತಪ್ಪಿತ್ತು. ಈಗ ‘ತಂದೆಯ ಹೆಸರು’, ‘ತಂದೆ ಇದ್ದಾರೆಯೇ’, ‘ಈಗಿನ ಪೋಷಕರ ಹೆಸರು’, ‘ಪೋಷಕರ ಸಂಬಂಧ’ ಎಂದು ನಾಲ್ಕು ಮಾಡಿದ್ದೇವೆ.

ಜೇಸನ್ ಸ್ಕೀಮಾದವರ ಅನುಭವದಿಂದಲೂ ನಮ್ಮ ಅನುಭವದಿಂದಲೂ ನಾಲ್ಕು ಸೂತ್ರಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಅರ್ಥ ಬದಲಾದರೆ ಹೆಸರೂ ಬದಲಾಗಲಿ. ಜೇಸನ್ ಸ್ಕೀಮಾದ ಮೂರನೇ ಕರಡಿನಲ್ಲಿ ‘ರಿಕ್ವೈರ್ಡ್’, ಅಂದರೆ ಕಡ್ಡಾಯ ಎಂಬ ಪದವನ್ನು ಪ್ರತಿ ಅಂಶದ ಒಳಗೆ ಹೌದು ಅಥವಾ ಅಲ್ಲ ಎಂದು ಬರೆಯಬೇಕಾಗಿತ್ತು. 2013ರ ನಾಲ್ಕನೇ ಕರಡಿನಲ್ಲಿ ಅದೇ ಪದ ಹೊರಗೆ ಬಂದು, ಕಡ್ಡಾಯವಾದ ಅಂಶಗಳ ಹೆಸರುಗಳ ಪಟ್ಟಿಯಾಯಿತು. ಹಳೆಯದನ್ನು ಕಲಿತವರಿಗೆ ಹೊಸದು ಗೊಂದಲ, ಹೊಸದನ್ನು ಕಲಿತವರಿಗೆ ಹಳೆಯದು ಗೊಂದಲ. ಅದೇ ಕರಡಿನಲ್ಲಿ ‘ಡಿವಿಸಿಬಲ್ ಬೈ’ ಎಂಬುದು ‘ಮಲ್ಟಿಪಲ್ ಆಫ್’ ಎಂದಾಯಿತು. ಅಲ್ಲಿ ಹೆಸರೇ ಬೇರೆಯಾದ್ದರಿಂದ ಯಾವುದು ಹಳೆಯದು, ಯಾವುದು ಹೊಸದು ಎಂಬುದು ಕಣ್ಣಿಗೆ ಕಾಣುತ್ತದೆ.

ಎರಡನೆಯದಾಗಿ, ಹಳೆಯ ಹೆಸರಿಗೆ ಸ್ವಲ್ಪ ಕಾಲಾವಕಾಶ ಕೊಡಿ. ‘$ಡೆಫ್ಸ್’ ಬಂದಾಗ ‘ಡೆಫಿನಿಷನ್ಸ್’ ಎಂದು ಬರೆದಿದ್ದ ಕಡತಗಳನ್ನು ಒಮ್ಮೆಲೇ ತಿರಸ್ಕರಿಸಲಿಲ್ಲ. ನಮ್ಮ ಹಳೆಯ ನಮೂನೆಯಲ್ಲಿ ಅರ್ಜಿ ತಂದವರನ್ನು ನಾವೂ ಹಿಂದಕ್ಕೆ ಕಳುಹಿಸಲಿಲ್ಲ. ಕುಳ್ಳಿರಿಸಿ ಹೊಸದರಲ್ಲಿ ಬರೆಸಿಕೊಂಡೆವು.

ಮೂರನೆಯದಾಗಿ, ಪ್ರತಿ ಕಡತವೂ ತಾನು ಯಾವ ಆವೃತ್ತಿಯದೆಂದು ತಾನೇ ಹೇಳಲಿ. ಜೇಸನ್ ಸ್ಕೀಮಾದಲ್ಲಿ ಇದಕ್ಕೆಂದೇ ‘$ಸ್ಕೀಮಾ’ ಎಂಬ ಪದವಿದೆ. ಅದನ್ನು ಓದಿದ ತಂತ್ರಾಂಶಕ್ಕೆ, ಇಲ್ಲಿನ ‘ಐಟಮ್ಸ್’ ಹಳೆಯ ಅರ್ಥದ್ದೋ ಹೊಸ ಅರ್ಥದ್ದೋ ಎಂಬುದು ತಿಳಿಯುತ್ತದೆ. ನಮ್ಮ ಅರ್ಜಿ ನಮೂನೆಯ ಮೂಲೆಯಲ್ಲೂ ಈಗ ವರ್ಷ ಮತ್ತು ನಮೂನೆ ಸಂಖ್ಯೆ ಇರುತ್ತದೆ. ಸಣ್ಣ ವಿಷಯ, ಆದರೆ ಎರಡು ವರ್ಷದ ಅರ್ಜಿಗಳು ಬೆರೆತಾಗ ಅದೇ ಕಾಪಾಡುತ್ತದೆ.

ನಾಲ್ಕನೆಯದಾಗಿ, ಬದಲಾವಣೆಯನ್ನು ಬರೆದಿಡಿ. ನಮ್ಮ ರಾಜ್ಯದಲ್ಲಿ 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ಹತ್ತಿರವಾಗುವಂತೆ ಬದಲಿಸಲಾಯಿತು. ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ಅಣ್ಣನ ಅಂಕಪಟ್ಟಿಯಲ್ಲಿ ಬಿಜಾಪುರ, ತಮ್ಮನದರಲ್ಲಿ ವಿಜಯಪುರ ಎಂದಿರುವ ಮನೆಗಳು ಎಷ್ಟಿಲ್ಲ? ಕಂಪ್ಯೂಟರಿಗೆ ಇವು ಎರಡು ಊರು. ಇನ್ನು ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರವಿದೆ. ಅಲ್ಲಿ ಒಂದೇ ಹೆಸರಿಗೆ ಎರಡು ಊರು! ಜಿಲ್ಲೆಯ ಕಾಲಮ್ಮೂ ಜೊತೆಗಿದ್ದರೆ, ಹಳೆಯ ಹೆಸರು ಹೊಸ ಹೆಸರುಗಳ ಒಂದು ಪಟ್ಟಿ ಪಕ್ಕದಲ್ಲಿದ್ದರೆ ತೊಂದರೆಯಿಲ್ಲ.

ಇದು ಅಮಾನತ್

ಹಿರಿಯರೇ, ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಆಯತ್ ಯಾವ ವಿಷಯದ್ದೆಂದು ತಮಗೆ ಗೊತ್ತಿದೆ. ಅದು ಸೂರಃ ಅಲ್-ಬಕರಾದಲ್ಲಿರುವ, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತ ಆಯತ್. ಬರೆಯುವವನು ನ್ಯಾಯದಿಂದ ಬರೆಯಬೇಕು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಅದರ ಅವಧಿಯೊಂದಿಗೆ ಬರೆಯಲು ಬೇಸರಪಡಬಾರದು ಎಂಬ ಬೋಧನೆ ಅದರಲ್ಲಿದೆ. ‘ಅವಧಿಯೊಂದಿಗೆ’ ಎಂಬ ಮಾತನ್ನು ನಾನು ಎಷ್ಟೋ ಸಲ ಓದಿದ್ದೆ. ನನ್ನ ‘ಆದಾಯ’ದ ಕಾಲಮ್ಮಿನಲ್ಲಿ ಇಲ್ಲದೆ ಹೋದದ್ದು ಅದೇ ಅಲ್ಲವೇ? ತಿಂಗಳೋ ವರ್ಷವೋ ಎಂಬ ಅವಧಿ. ಹಣ ಹಂಚುವವನ ಕೈ ಎಷ್ಟು ಶುದ್ಧವಾಗಿರಬೇಕೋ, ಪಟ್ಟಿ ಬರೆಯುವವನ ಪದವೂ ಅಷ್ಟೇ ಶುದ್ಧವಾಗಿರಬೇಕು. ದಾನಿಗಳು ನಮ್ಮ ಕೈಗಿಟ್ಟ ಹಣ ಅಮಾನತ್. ಮಕ್ಕಳು ನಮ್ಮನ್ನು ನಂಬಿ ಬರೆದುಕೊಟ್ಟ ಮಾಹಿತಿಯೂ ಅಮಾನತ್ತೇ.

ಪ್ರೀತಿಯ ವಿದ್ಯಾರ್ಥಿಗಳೇ, ಕೊನೆಯದಾಗಿ ನಿಮಗೆ ಒಂದು ಮಾತು. ಕಂಪ್ಯೂಟರ್ ಕ್ಷೇತ್ರವೆಂದರೆ ಗಣಿತದಲ್ಲಿ ನೂರಕ್ಕೆ ನೂರು ತೆಗೆದವರ ಸ್ವತ್ತೆಂದು ನಿಮ್ಮಲ್ಲಿ ಅನೇಕರು ಹೆದರಿ ದೂರ ನಿಂತಿದ್ದೀರಿ. ಅಲ್ಲಿಯ ಕಠಿಣ ಕೆಲಸಗಳಲ್ಲಿ ಒಂದು ಸರಿಯಾದ ಹೆಸರಿಡುವುದು. ಅದಕ್ಕೆ ಬೇಕಾದದ್ದು ಪದದ ಅರ್ಥವ್ಯಾಪ್ತಿ ತಿಳಿದವರು, ಓದುವವನು ಎಲ್ಲಿ ತಪ್ಪು ತಿಳಿಯಬಹುದೆಂದು ಊಹಿಸಬಲ್ಲವರು. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಉರ್ದು, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ನಾಲ್ಕು ಭಾಷೆಗಳ ನಡುವೆ ಬೆಳೆಯುವ ನಿಮಗೆ ಒಂದೇ ಪದ ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಡುತ್ತದೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಅದನ್ನು ನೀವು ಕೊರತೆಯೆಂದು ತಿಳಿದಿದ್ದೀರಿ, ಅದು ನಿಮ್ಮ ಬಂಡವಾಳ.

ಇಂದು ಮನೆಗೆ ಹೋಗಿ ನಿಮ್ಮ ಯಾವುದಾದರೂ ಅರ್ಜಿಯನ್ನೋ ಅಂಕಪಟ್ಟಿಯನ್ನೋ ತೆಗೆದು ಪ್ರತಿ ಕಾಲಮ್ಮಿನ ಹೆಸರನ್ನೂ ಅಜ್ಜಿಗೆ ಓದಿ ಹೇಳಿ, "ನಾನಿ, ಇದರಲ್ಲಿ ಏನು ಬರೆಯಬೇಕು?" ಎಂದು ಕೇಳಿರಿ. ಅವರು "ಯಾವುದರದು? ಯಾವಾಗಿನದು? ಯಾರದು?" ಎಂದು ಮರುಪ್ರಶ್ನೆ ಹಾಕಿದ ಕಡೆಯೆಲ್ಲ ಒಂದು ಗೆರೆ ಎಳೆಯಿರಿ. ಆ ಗೆರೆಗಳನ್ನು ನನಗೆ ತಂದು ತೋರಿಸಿರಿ. ನಮ್ಮ ಮುಂದಿನ ವರ್ಷದ ನಮೂನೆಯನ್ನು ಅವುಗಳಿಂದಲೇ ತಿದ್ದೋಣ, ಇನ್‌ಶಾ ಅಲ್ಲಾಹ್.

ಆ ತಾಯಿಯ ಮಗಳು ಪಿಯುಸಿ ಮುಗಿಸಿ ಈಗ ಬಿ.ಎಸ್ಸಿ. ಓದುತ್ತಿದ್ದಾಳೆ. ಓಲೆಯನ್ನು ಬಿಡಿಸಿಕೊಂಡೆವೆಂದು ತಾಯಿ ಹೇಳಿದರು, ಅಲ್‌ಹಮ್ದುಲಿಲ್ಲಾಹ್. ಕಳೆದ ಬಾರಿ ಅರ್ಜಿಗಳನ್ನು ಏರಿಸುವಾಗ ಆ ಹುಡುಗಿಯೇ ನನ್ನ ಪಕ್ಕದಲ್ಲಿ ಕುಳಿತು ಸಹಾಯ ಮಾಡಿದಳು. ‘ದಿನಾಂಕ’ ಎಂಬ ಕಾಲಂ ಬಂದಾಗ ಕೈ ನಿಲ್ಲಿಸಿ, "ಆಪಾ, ಇದು ಯಾವ ದಿನಾಂಕ?" ಎಂದು ಕೇಳಿದಳು. ಅದು ನನಗೂ ಗೊತ್ತಿರಲಿಲ್ಲ. ಈಗ ಅಲ್ಲಿ ‘ಅರ್ಜಿ ಸ್ವೀಕರಿಸಿದ ದಿನಾಂಕ’ ಎಂದಿದೆ.

 ನಮ್ಮ ಬರಹದಲ್ಲೂ ನಮ್ಮ ಲೆಕ್ಕದಲ್ಲೂ ನ್ಯಾಯವಿರುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್. ವಸ್ಸಲಾಮ್.